ಕಳೆಯಿಲ್ಲದ ಹೊಲದಲ್ಲಿ ಕುರಪಿ

"ಅಜ್ಜಾರೇ, ಒಳಗಿನ ದೀಪ ಆರಿಹೋದವನು ಹೊರಗೆ ದೀಪ ಹಚ್ಚಿದರೆ ಅದು ಸುಳ್ಳಲ್ಲವೇ?"

ಕೇಳಿದವನು ಅಡಿವೆಪ್ಪ. ಕೇಳಿಸಿಕೊಂಡವರು ಚರಂತಯ್ಯನವರು. ಎರೆಮಣ್ಣಿನ ಸೀಮೆಯಲ್ಲಿ, ಊರ ಹೊರಗೆ ಅವರದೊಂದು ಮಠ. ಮಠವೆಂದರೆ ಆನೆ ಅಂಬಾರಿಯ ಮಠವಲ್ಲ. ಒಂದು ಗದ್ದುಗೆ, ನಾಲ್ಕು ಕೋಣೆ, ಒಂದು ಬಾವಿ, ಮುಂದೊಂದು ಕಟ್ಟೆ, ಅಷ್ಟೇ. ಊರವರಿಗೆ ಚರಂತಯ್ಯನವರು ಬರೀ ಅಜ್ಜಾರು. ಅಡಿವೆಪ್ಪ ಅವರ ಶಿಷ್ಯನಾಗಿ ಬಂದು ಆರು ವರ್ಷವಾಗಿತ್ತು. ಬೆಳಗಾಗುವ ಮೊದಲು ಎದ್ದು ಬಾವಿಯಿಂದ ನೀರು ಸೇದುವುದು, ಅಂಗಳ ಗುಡಿಸುವುದು, ಗದ್ದುಗೆಯ ಮುಂದೆ ದೀಪ ಹಚ್ಚುವುದು ಅವನ ಪಾಲಿನ ಕೆಲಸ.

ಆ ಕೆಲಸವನ್ನು ಅವನು ಬಿಟ್ಟು ಇಪ್ಪತ್ತು ದಿನವಾಗಿತ್ತು.

ಪ್ರತಿ ವರ್ಷವೂ ಹೀಗೇ. ದೀಪಾವಳಿ ಮುಗಿದು ಹೊತ್ತು ಕಿರಿದಾಗತೊಡಗಿತೆಂದರೆ ಅವನ ಮನಸ್ಸು ಮುದುಡಿಕೊಳ್ಳುತ್ತಿತ್ತು. ಮೊದಲು ಊಟ ರುಚಿಸುತ್ತಿರಲಿಲ್ಲ. ಆಮೇಲೆ ಮಾತು ಬೇಡವಾಗುತ್ತಿತ್ತು. ಮಾಗಿಯ ಚಳಿ ಇಳಿಯುವ ಹೊತ್ತಿಗೆ ಕೌದಿಯಿಂದ ಕೈ ಹೊರಗೆ ಹಾಕುವುದೂ ಅವನಿಗೆ ದೊಡ್ಡ ಕೆಲಸವಾಗಿ ಕಾಣುತ್ತಿತ್ತು. ಸಂಕ್ರಾಂತಿ ದಾಟಿ ಬಿಸಿಲು ಬಲಿತ ಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಆದರೆ ಅಲ್ಲಿಯತನಕ ಅವನು ಅವನಾಗಿರುತ್ತಿರಲಿಲ್ಲ.

ಈ ಸಲ ಅದನ್ನು ಓಡಿಸಿಯೇ ತೀರುತ್ತೇನೆಂದು ಹಟ ಹಿಡಿದಿದ್ದ. ಮೂರು ದಿನ ಉಪವಾಸ ಮಾಡಿದ. ರಾತ್ರಿಯೆಲ್ಲ ಅಂಗಳದಲ್ಲಿಟ್ಟ ತಣ್ಣೀರನ್ನು ಬೆಳಗ್ಗೆ ಮೈಮೇಲೆ ಸುರುವಿಕೊಂಡ. ಒಂದೇ ಪಟ್ಟಿಗೆ ಕೂತು ಹತ್ತು ಸಾವಿರ ಸಲ ಮಂತ್ರ ಹೇಳಿದ. ಎರಡು ದಿನ ಏನೋ ಹುರುಪು ಬಂದಂತಾಯಿತು. ಮೂರನೆಯ ದಿನ ಮೊದಲಿಗಿಂತ ಆಳಕ್ಕೆ ಬಿದ್ದ. ಮನಸ್ಸಿಲ್ಲದೆ ದೀಪ ಹಚ್ಚುವುದು ದೇವರಿಗೆ ಮಾಡುವ ಮೋಸವೆಂದು ತೀರ್ಮಾನಿಸಿ ಅದನ್ನೂ ಬಿಟ್ಟ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಹೊತ್ತು ಹುಟ್ಟಿದ ಮೇಲೆ ಎಂದೋ ಒಮ್ಮೆ ಎದ್ದು ಬಾಗಿಲು ತೆರೆಯುತ್ತಿದ್ದ. ಹೊಸ್ತಿಲ ಹೊರಗೆ ಒಂದು ಚೆಂಬು ಬಿಸಿನೀರು, ಮೇಲೆ ತಟ್ಟೆ ಮುಚ್ಚಿ, ದಿನವೂ ಇಟ್ಟಿರುತ್ತಿತ್ತು. ಅಡುಗೆಯ ಪಾರವ್ವ ಇಟ್ಟಿರಬೇಕು ಎಂದುಕೊಳ್ಳುತ್ತಿದ್ದ. ಮುಖ ತೊಳೆಯುತ್ತಿದ್ದ. ತೊಳೆದು ಮತ್ತೆ ಒಳಗೆ ಹೋಗಿ ಮಲಗುತ್ತಿದ್ದ. ಅಜ್ಜಾರು ಒಂದು ದಿನವೂ ಬಂದು ಎಬ್ಬಿಸಲಿಲ್ಲ, ಒಂದು ಮಾತು ಅನ್ನಲಿಲ್ಲ. ಚಳಿ ಬಂದರೆ ಅವರ ಮಾತೂ ಕಡಿಮೆಯಾಗುತ್ತಿತ್ತು. ವಯಸ್ಸಾಯಿತಲ್ಲ ಎಂದು ಎಲ್ಲರೂ ಸುಮ್ಮನಿರುತ್ತಿದ್ದರು.

ಇಪ್ಪತ್ತೊಂದನೆಯ ದಿನ ಅಡಿವೆಪ್ಪ ತನ್ನ ಬಟ್ಟೆಬರೆ ಗಂಟು ಕಟ್ಟಿದ. ಇಂಥವನಿಗೆ ಮಠ ತಕ್ಕುದಲ್ಲ, ಮಠಕ್ಕೆ ಇಂಥವನು ತಕ್ಕವನಲ್ಲ ಎಂದು ಅವನಿಗೆ ಖಚಿತವಾಗಿತ್ತು. ಒಂದು ಪ್ರಶ್ನೆ ಕೇಳಿ, ಕಾಲಿಗೆ ಬಿದ್ದು, ಹೊರಟುಬಿಡುವುದೆಂದು ಕಟ್ಟೆಯ ಬಳಿಗೆ ಬಂದ. ಅಜ್ಜಾರು ಎಳೆಬಿಸಿಲಿಗೆ ಬೆನ್ನು ಕೊಟ್ಟು ಹಸಿಗಡಲೆ ಸುಲಿಯುತ್ತಾ ಕೂತಿದ್ದರು.

ಪ್ರಶ್ನೆ ಕೇಳಿದ ಮೇಲೆ ಅವರು ಶಿಷ್ಯನ ಮುಖ ನೋಡಲಿಲ್ಲ. ಗಂಟನ್ನು ನೋಡಿದರು.

"ಹೋಗುವವನು ಬರಿಗೈಲಿ ಹೋಗಬಾರದು. ದಾರಿಗೆ ನಾಲ್ಕು ಕಾಳು ಕಟ್ಟಿಕೊಂಡು ಹೋಗುವಿಯಂತೆ. ಕೂತು ಸುಲಿ."

"ನಾನು ಕೇಳಿದ್ದು..."

"ಕೇಳಿಸಿತಪ್ಪಾ. ಕಿವಿ ಇನ್ನೂ ನೆಟ್ಟಗಿವೆ. ಕೈ ಸುಲಿಯಲಿ, ನಿನ್ನ ಕಿವಿ ಇತ್ತ ಇರಲಿ."

ಅಡಿವೆಪ್ಪ ಗಂಟು ಕೆಳಗಿಟ್ಟು ಕೂತ. ಅಜ್ಜಾರು ಕಡಲೆಯ ಬುಟ್ಟಿಯನ್ನು ಅವನ ಕಡೆಗೆ ಸರಿಸಿ, ಹೇಳತೊಡಗಿದರು.

*

ಒಬ್ಬ ರೈತನಿದ್ದ. ಒಂದು ಎರೆಹೊಲ, ಒಂದು ಜೋಡಿ ಎತ್ತು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಸೋಮಾರಿಯಲ್ಲ, ಕೆಟ್ಟವನಲ್ಲ. ಮಳೆಗಾಲದಲ್ಲಿ ಅವನನ್ನು ನೋಡಬೇಕಿತ್ತು. ಉತ್ತರಿ ಮಳೆ ಹದವಾಗಿ ಬಿದ್ದು ಬಿಳಿಜೋಳ ಬಿತ್ತುವಾಗ ಅವನ ಹಾಡು ಊರ ಹೆಬ್ಬಾಗಿಲ ಅಗಸಿಯತನಕ ಕೇಳುತ್ತಿತ್ತು.

ನೀನು ನೀರಾವರಿ ಸೀಮೆಯಿಂದ ಬಂದವನು. ಇಲ್ಲಿಯ ಜೋಳದ ಸಂಗತಿ ನಿನಗೆ ಗೊತ್ತಿರಲಿಕ್ಕಿಲ್ಲ. ಈ ಜೋಳಕ್ಕೆ ಬಿತ್ತುವ ಮೊದಲೇ ಮಳೆ, ಬಿತ್ತಿದ ಮೇಲೆ ಮಳೆಯಿಲ್ಲ. ಉತ್ತರಿ ಮಳೆ ನೆಲದೊಳಗೆ ಇಳಿದು ಹೋಗುತ್ತದೆ. ಆಮೇಲೆ ಆಕಾಶ ಬಾಯಿ ಮುಚ್ಚುತ್ತದೆ. ಕಾಲುವೆಯಿಲ್ಲ, ನೀರು ಬಿಡುವವರಿಲ್ಲ. ಚಳಿ ಬರುತ್ತದೆ, ಮೇಲುಮಣ್ಣು ಒಣಗಿ ಬೂದಿಯಾಗುತ್ತದೆ. ಆದರೂ ಜೋಳ ಆಳೆತ್ತರ ಬೆಳೆದು, ಹಿಡಿ ತುಂಬುವ ತೆನೆ ಹೊತ್ತು ನಿಲ್ಲುತ್ತದೆ. ಆರು ವರ್ಷದಿಂದ ಅದರ ರೊಟ್ಟಿ ತಿನ್ನುತ್ತಿದ್ದೀಯಲ್ಲ, ಅದು ಎಲ್ಲಿಯ ನೀರು ಕುಡಿದು ಬೆಳೆಯಿತು ಎಂದು ಒಂದು ದಿನವಾದರೂ ಕೇಳಿದೆಯಾ?

ಅಡಿವೆಪ್ಪ ಕೇಳಿರಲಿಲ್ಲ. ಅವನು ಒಂದು ಕಡಲೆ ಸುಲಿದು ತಟ್ಟೆಗೆ ಹಾಕಿದ.

ಬಿತ್ತಿದ ಮೇಲೆ ಮಾಡುವ ಕೆಲಸ ಒಂದೇ ಒಂದು. ಎತ್ತು ಹೂಡಿ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದು. ಅದರ ಕಬ್ಬಿಣದ ಅಲಗು ಮೇಲುಮಣ್ಣನ್ನು ಎರಡು ಬೆರಳಿನಷ್ಟು ಕೆದಕುತ್ತಾ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ, ಒಟ್ಟು ಮೂರು ಸಲ. ರೈತನ ಅಪ್ಪ ಹೊಡೆಯುತ್ತಿದ್ದ, ಇವನೂ ಹೊಡೆಯುತ್ತಿದ್ದ. ಕಳೆ ಸಾಯಲಿ ಅಂತ ಹೊಡೆಯುವುದು ಎಂದು ಇವನು ತಿಳಿದಿದ್ದ. ಯಾಕೆಂದು ಅಪ್ಪ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ.

ಆ ರೈತನಿಗೂ ಒಂದು ಕಾಟವಿತ್ತು. ಚಳಿಗಾಲ ಬಂತೆಂದರೆ ಅವನ ಹಾಡು ನಿಲ್ಲುತ್ತಿತ್ತು. ಹೊತ್ತು ಮುಳುಗುವುದನ್ನು ನೋಡಿದರೆ ಎದೆಯಲ್ಲಿ ಏನೋ ಕುಸಿಯುತ್ತಿತ್ತು. ಉಳಿದ ವರ್ಷಗಳಲ್ಲಿ ಹೇಗೋ ತಳ್ಳಿದ. ಆ ವರ್ಷ ಮಾತ್ರ ಭಾರ ಹೆಚ್ಚಾಯಿತು. ಕಾರಣ ಏನೆಂದು ಕೇಳಬೇಡ. ಹೆಂಡತಿ ಚೆನ್ನಾಗಿದ್ದಳು, ಮಕ್ಕಳು ಚೆನ್ನಾಗಿದ್ದರು, ಮಳೆ ಚೆನ್ನಾಗಿತ್ತು. ಕಾರಣವಿಲ್ಲ ಎನ್ನುವುದೇ ಅವನಿಗೆ ಇನ್ನೊಂದು ದುಃಖವಾಗಿತ್ತು.

ಒಂದು ಬೆಳಗ್ಗೆ ಎಡೆ ಹೊಡೆಯಬೇಕೆಂದು ಎದ್ದ. ಎತ್ತಿನ ಹಗ್ಗ ಬಿಚ್ಚಿದ. ಕಾಲು ಮುಂದೆ ಹೋಗಲಿಲ್ಲ. ಆ ವರ್ಷ ಹೊಲದಲ್ಲಿ ಕಳೆ ಹೆಚ್ಚು ಹುಟ್ಟಿರಲಿಲ್ಲ. ಕಳೆಯೇ ಇಲ್ಲದ ಮೇಲೆ ಎಡೆ ಯಾಕೆ ಹೊಡೆಯಬೇಕು, ಸುಮ್ಮನೆ ಹೊಡೆದಂತೆ ಮಾಡುವುದು ಯಾರನ್ನು ಮೆಚ್ಚಿಸಲಿಕ್ಕೆ ಎಂದುಕೊಂಡ. ಮಾತು ಸರಿಯಾಗಿಯೇ ಇತ್ತು. ಮನಸ್ಸು ಕುಗ್ಗಿದವನಿಗೆ ಇಂಥ ಸರಿಯಾದ ಮಾತುಗಳು ಬಹಳ ಹೊಳೆಯುತ್ತವೆ. ಎತ್ತನ್ನು ಮತ್ತೆ ಗೋದಲಿಗೆ ಕಟ್ಟಿ, ಕೌದಿ ಹೊದ್ದು, ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅಡಿವೆಪ್ಪ ಸುಲಿಯುವುದನ್ನು ನಿಲ್ಲಿಸಿ ತಲೆಯೆತ್ತಿದ. ಅಜ್ಜಾರು ಅವನತ್ತ ನೋಡಲಿಲ್ಲ. "ಕೈ ನಿಂತಿತು" ಎಂದರು. ಅವನು ಮತ್ತೆ ಬುಟ್ಟಿಗೆ ಕೈ ಹಾಕಿದ.

ಹೆಂಡತಿ ಮೊದಲು ರಮಿಸಿದಳು, ಆಮೇಲೆ ಗದರಿದಳು, ಆಮೇಲೆ ಸುಮ್ಮನಾದಳು. ಯಾರೋ ಗಾಳಿ ಸೋಕಿದೆ ಎಂದರು. ಯಾರೋ ದಾರ ಕಟ್ಟಿದರು. ಇನ್ನು ಯಾರೋ ನಾಲ್ಕು ಬಿಗಿದರೆ ಸರಿಹೋಗುತ್ತಾನೆ ಎಂದರು. ಎಡೆಯ ಮೂರು ಸರದಿಯೂ ತಪ್ಪಿದವು. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು.

ಅಂದು ಈ ಸೀಮೆಯಲ್ಲಿ ಒಕ್ಕಲುತನದವರು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ರೊಟ್ಟಿ, ಕಡುಬು, ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಅವಳ ಪಾಲಿನ ಊಟವನ್ನು ಹೊಲದ ತುಂಬ ಚೆಲ್ಲಿ, ಆಮೇಲೆ ತಾವು ಕೂತು ಉಣ್ಣುತ್ತಾರೆ. ಹೆಂಡತಿ ಅವನನ್ನು ಎಬ್ಬಿಸಿ ಚಕ್ಕಡಿಯಲ್ಲಿ ಕೂರಿಸಿದಳು. "ಇವತ್ತೊಂದು ದಿನ ಬನ್ನಿ. ನನಗಾಗಿ ಬೇಡ, ಭೂಮಿತಾಯಿಗಾಗಿ ಬನ್ನಿ" ಎಂದಳು.

ಹೋಗಿ ನೋಡಿದರೆ ಹೊಲ ನೋಡುವ ಹಾಗಿರಲಿಲ್ಲ. ಜೋಳದ ಎಲೆಗಳು ಸುರುಳಿ ಸುತ್ತಿಕೊಂಡಿದ್ದವು. ಸಾಲಿನ ನಡುವೆ ನೆಲ ಬಾಯಿ ಬಿಟ್ಟಿತ್ತು. ಹೆಂಡತಿ ಚರಗ ಚೆಲ್ಲುತ್ತಾ ನಡೆದಳು. ಅವಳು ಚೆಲ್ಲಿದ ಕಡುಬಿನ ಚೂರು ಒಂದು ಬಿರುಕಿನೊಳಗೆ ಬಿದ್ದು ಕಾಣದೆ ಹೋಯಿತು. ಅವಳು ಅಲ್ಲೇ ನಿಂತು ಅದನ್ನು ನೋಡಿದಳು. ವರ್ಷದ ರೊಟ್ಟಿ ಈ ಬೆಳೆಯಲ್ಲಿತ್ತು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಮುಂದೆ ಹೋದಳು.

ರೈತನಿಗೆ ನಾಚಿಕೆಯಾಯಿತು. ನಾಚಿಕೆಯಿಂದ ಎದ್ದವನ ಕೆಲಸ ನೋಡು, ಯಾವಾಗಲೂ ಅತಿಯಾಗಿರುತ್ತದೆ. ಬೆಳೆಗೆ ನೀರಡಿಕೆಯಾಗಿದೆ, ನೀರು ಹೊತ್ತು ಹಾಕುತ್ತೇನೆ ಎಂದು ಹೊರಟ. ಮರುದಿನ ಚಕ್ಕಡಿಯ ತುಂಬ ಕೊಡ ಹೇರಿ ಹಳ್ಳಕ್ಕೆ ಹೋದ. ತುಂಬಿ ತಂದು ಬುಡಕ್ಕೆ ಸುರಿದ. ಮತ್ತೆ ಹೋದ. ಮೂರು ದಿನ ಊಟ ಬಿಟ್ಟು ಹೀಗೇ ತಿರುಗಿದ. ಎತ್ತಿನ ಬಾಯಲ್ಲಿ ನೊರೆ ಬಂತು, ಇವನ ಅಂಗೈ ಸುಲಿಯಿತು. ಮೂರು ದಿನಕ್ಕೆ ಹಳ್ಳದ ಕಡೆಯ ಹತ್ತು ಸಾಲು ಒದ್ದೆಯಾದವು. ಆ ಹತ್ತು ಸಾಲಿನ ಎಲೆಗಳು ಬಿಚ್ಚಿಕೊಂಡವು. ರೈತ ಮನೆಗೆ ಬಂದು ಹೆಂಡತಿಯ ಮುಂದೆ ನಕ್ಕ. ಎರಡು ತಿಂಗಳಿಗೆ ಅದು ಅವನ ಮೊದಲ ನಗು.

ಎರೆಮಣ್ಣಿನ ಗುಣ ಕೇಳು. ನೀರು ಕುಡಿದರೆ ಅದು ಉಬ್ಬುತ್ತದೆ. ಒಣಗಿದರೆ, ಉಬ್ಬಿದ್ದಕ್ಕಿಂತ ಹೆಚ್ಚು ಕುಗ್ಗಿ ಸೀಳುತ್ತದೆ. ಮೇಲೆ ಸುರಿದ ಕೊಡದ ನೀರು ಬೇರಿನ ತನಕ ಎಲ್ಲಿ ಹೋಗಬೇಕು? ಎಂಟು ದಿನಕ್ಕೆ ಬಿಸಿಲು ಅದನ್ನು ಕುಡಿದು ಹಾಕಿತು. ಒಂಬತ್ತನೆಯ ದಿನ ನೋಡಿದರೆ ಆ ಹತ್ತು ಸಾಲಿನಲ್ಲಿ ಕಾಲು ಇಳಿಯುವಷ್ಟು ಅಗಲದ ಬಿರುಕು ಬಿಟ್ಟಿತ್ತು. ಬೇರು ಹರಿದು ಜೋಳ ವಾಲಿತ್ತು. ನೀರು ಕಾಣದ ಸಾಲುಗಳಾದರೂ ನಿಂತಿದ್ದವು, ನೀರು ಕಂಡ ಸಾಲುಗಳು ಸತ್ತಿದ್ದವು.

ಅಂದು ಅವನು ಮನೆಗೆ ಬಂದು ಮಲಗಿದ. ತನ್ನ ಕೈ ತಾಗಿದ್ದೆಲ್ಲ ಒಣಗುತ್ತದೆ ಎಂದು ಅವನಿಗೆ ನಿಶ್ಚಯವಾಯಿತು. ತಾನಿಲ್ಲದಿದ್ದರೆ ಮನೆಯವರಿಗೆ ಒಂದು ಹೊರೆಯಾದರೂ ಕಡಿಮೆಯಾದೀತು ಎಂದುಕೊಂಡ. ಬೆಳಕು ಹರಿಯುವ ಹೊತ್ತಿಗೆ ಒಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಮನೆಯಿಂದ ಹೊರಬಿದ್ದ. ಎಲ್ಲಿಗೆ ಎಂದು ಅವನಿಗೇ ಗೊತ್ತಿರಲಿಲ್ಲ. ತಿರುಗಿ ಬರುವ ಮನಸ್ಸಂತೂ ಇರಲಿಲ್ಲ.

ದಾರಿ ಅವನ ಹೊಲದ ಬದುವಿನ ಮೇಲೇ ಹಾಯ್ದು ಹೋಗುತ್ತಿತ್ತು. ಬದುವಿನ ಆಚೆ ಒಬ್ಬ ಮುದುಕಿಯ ತುಂಡು ಹೊಲ. ಗಂಡ ಸತ್ತವಳು, ಎತ್ತಿಲ್ಲದವಳು. ಎಡೆಕುಂಟೆ ಹೊಡೆಯಲು ಎತ್ತು ಎಲ್ಲಿಂದ ತರಬೇಕು? ಪ್ರತಿ ಚಳಿಗಾಲ ಕುರಪಿ ಹಿಡಿದು, ಕುಕ್ಕುರುಗಾಲಲ್ಲಿ ಕೂತು, ಸಾಲಿನಲ್ಲಿ ಕೆದಕುತ್ತಾ ಮುಂದೆ ಸರಿಯುತ್ತಿದ್ದಳು. ಕುರಪಿ ಎಂದರೆ ಕಳೆ ಕೀಳುವ ಕೈಯಲಗು. ಅವಳ ಹೊಲದಲ್ಲಿ ಕಳೆಯೂ ಇರುತ್ತಿರಲಿಲ್ಲ. ಕಳೆಯಿಲ್ಲದ ಹೊಲದಲ್ಲಿ ಕಳೆ ತೆಗೆಯುತ್ತಾಳೆ, ಮುದುಕಿಗೆ ಅರಳುಮರಳು ಎಂದು ಇವನೇ ಎಷ್ಟೋ ಸಲ ನಕ್ಕಿದ್ದ.

ಆ ಬೆಳಗ್ಗೆಯೂ ಅವಳು ಕೂತಿದ್ದಳು. ಹಲ್ಲು ಕಡಿಯುವ ಚಳಿ. ಅವಳ ಜೋಳ ಕಪ್ಪುಹಸಿರಾಗಿ, ತೆನೆ ಹೊತ್ತು ನಿಂತಿತ್ತು.

ಮುದುಕಿ ಅವನ ಹೆಗಲ ಮೇಲಿನ ಕಂಬಳಿ ನೋಡಿದಳು. "ಎಲ್ಲಿಗೆ ಹೊರಟೆ ತಮ್ಮಾ, ಇಷ್ಟು ಹೊತ್ತಿಗೆ?"

"ಹೊರಟೆ ಆಯೀ. ನನ್ನ ಕೈ ತಾಗಿದ್ದು ಬದುಕುವುದಿಲ್ಲ."

"ಹೋಗುವಿಯಂತೆ. ಹೋಗುವ ಮೊದಲು ಆ ಕೈ ಇದರೊಳಗೆ ಒಮ್ಮೆ ಇಳಿಸು" ಎಂದು ಅವಳು ಅವನ ಹೊಲದ ಒಳಗಿನ ಒಂದು ಬಿರುಕು ತೋರಿಸಿದಳು.

ಹಿರಿಯಳ ಮಾತು ಮೀರಲಾರದೆ ಅವನು ಅಲ್ಲಿಗೆ ಹೋಗಿ ಮಣ್ಣಿನ ಮೇಲೆ ಬೋರಲು ಮಲಗಿದ. ಮೇಲುಮಣ್ಣು ಕೊರೆಯುತ್ತಿತ್ತು. ಬೆರಳುಗಳು ಚಳಿಗೆ ಮರಗಟ್ಟಿದ್ದವು. ಕೈಯನ್ನು ಬಿರುಕಿನೊಳಗೆ ಇಳಿಸಿದ. ಮೊಣಕೈಯವರೆಗೆ ಇಳಿಯಿತು. ಅಲ್ಲಿಯತನಕ ಒಣಮಣ್ಣು, ಗರಸು. ಕೆನ್ನೆ ನೆಲಕ್ಕೆ ಒತ್ತುವಂತೆ ಮಲಗಿ ಹೆಗಲವರೆಗೆ ಇಳಿಸಿದ.

ಆಗ ಅವನ ಬೆರಳಿಗೆ ಬೆಚ್ಚಗೆ ಹತ್ತಿತು.

ಮೊದಲು ಅವನು ನಂಬಲಿಲ್ಲ. ಮರಗಟ್ಟಿದ ಕೈ ಸುಳ್ಳು ಹೇಳುತ್ತಿದೆ ಎಂದುಕೊಂಡ. ಸ್ವಲ್ಪ ಹೊತ್ತು ಹಾಗೇ ಇಟ್ಟ. ಬೆರಳುಗಳಿಗೆ ಜೀವ ಬಂತು. ಬಿರುಕಿನ ಆಳದಿಂದ ಹಸುವಿನ ಉಸಿರಿನಂಥ ಬೆಚ್ಚನೆಯ ಗಾಳಿ ಮೇಲೆ ಬರುತ್ತಿತ್ತು. ಇನ್ನೊಂದು ಬೆರಳಿನಷ್ಟು ಕೆಳಗೆ ಮಣ್ಣು ತೇವವಾಗಿತ್ತು. ತೇವವೆಂದರೆ ಹಿಡಿದರೆ ಉಂಡೆಯಾಗುವಷ್ಟು ತೇವ. ಅದರೊಳಗೆ ಏನೋ ನೂಲಿನ ಎಳೆಯಂಥದ್ದು ಬೆರಳಿಗೆ ತಗಲಿತು. ಮೃದುವಾಗಿತ್ತು, ಒದ್ದೆಯಾಗಿತ್ತು. ಅದು ಜೋಳದ ಬೇರು. ಅವನು ಅದನ್ನು ಹಿಡಿಯಲಿಲ್ಲ, ಬರೀ ಮುಟ್ಟಿದ. ಅದು ಅವನ ಬೆರಳನ್ನೂ ದಾಟಿ ಇನ್ನೂ ಕೆಳಗೆ ಹೋಗಿತ್ತು. ಎಷ್ಟು ಕೆಳಗೆ ಎಂದು ಅವನಿಗೆ ತಿಳಿಯಲಿಲ್ಲ.

ಉತ್ತರಿ ಮಳೆ ಬಂದು ಹೋಗಿ ಮೂರು ತಿಂಗಳಾಗಿತ್ತು. ಹೋಯಿತು, ಮುಗಿಯಿತು ಎಂದು ಅವನು ತಿಳಿದಿದ್ದ. ಅದು ಹೋಗಿರಲಿಲ್ಲ. ಅವನು ಗೋಡೆ ನೋಡುತ್ತಾ ಮಲಗಿದ್ದ ಅಷ್ಟು ದಿನವೂ ಅದು ಇಲ್ಲೇ ಇತ್ತು. ಅವನ ಹೊಲದ ಕೆಳಗೆ, ಮುದುಕಿಯ ಹೊಲದ ಕೆಳಗೆ, ಕಣ್ಣಿಗೆ ಕಾಣುವ ಎಲ್ಲರ ಹೊಲದ ಕೆಳಗೆ, ಸದ್ದಿಲ್ಲದೆ ಕೂತಿತ್ತು. ಮೇಲೆ ಇಷ್ಟು ಚಳಿ, ಕೆಳಗೆ ಇಷ್ಟು ಬೆಚ್ಚಗೆ. ಹುಟ್ಟಿದಾಗಿನಿಂದ ಅವನು ತುಳಿದ ನೆಲ ಅದು, ಒಳಗೆ ಹೀಗಿದೆ ಎಂದು ಗೊತ್ತೇ ಇರಲಿಲ್ಲ. ಎದ್ದೇಳಲು ಮನಸ್ಸಾಗಲಿಲ್ಲ. ಭೂಮಿಗೆ ಕೆನ್ನೆ ಒತ್ತಿ ಹಾಗೇ ಮಲಗಿ ಅತ್ತ. ದುಃಖಕ್ಕೆ ಅತ್ತನೋ, ಬೆರಗಿಗೆ ಅತ್ತನೋ, ಅವನಿಗೇ ತಿಳಿಯದು.

ಮುದುಕಿ ಅಳಲು ಬಿಟ್ಟಳು. ಅಳು ಮುಗಿದ ಮೇಲೆ ಹೇಳಿದಳು. "ನೀರು ತರುವ ಕೆಲಸ ನಿನ್ನದಲ್ಲ ತಮ್ಮಾ. ಅದು ಬಂದಾಗಿದೆ, ಒಳಗಿದೆ. ನಿನ್ನ ಕೈಗೆ ಬೆಚ್ಚಗೆ ಹತ್ತಿತಲ್ಲ, ಅದು ಬೆಳೆಯ ಪಾಲಿನದು, ಬಿರುಕಿನಿಂದ ಹೊರಗೆ ಹೋಗುತ್ತಿದೆ. ಕೈ ತೆಗೆ. ಬಿರುಕು ಮುಚ್ಚು."

ಎಡೆಕುಂಟೆ ಯಾಕೆ ಹೊಡೆಯುತ್ತಾರೆ ಎಂದು ರೈತನಿಗೆ ಆಗ ತಿಳಿಯಿತು. ಕಳೆ ಒಂದು ನೆಪ. ಮೇಲುಮಣ್ಣು ಪುಡಿಯಾದರೆ ಬಿರುಕಿಗೆ ಬಾಯಿಲ್ಲ, ಒಳಗಿನ ತೇವ ಒಳಗೇ ಉಳಿಯುತ್ತದೆ.

ಈಗ ಬೆಳೆ ಎದೆಮಟ್ಟ ಬಂದಿತ್ತು, ಎತ್ತು ಹಾಯುವಂತಿರಲಿಲ್ಲ. ಕೈಯಿಂದಲೇ ಆಗಬೇಕು. ರೈತ ಹೊಲದ ಉದ್ದಗಲ ನೋಡಿದ. ಬಂದಿದ್ದ ಧೈರ್ಯ ಅಲ್ಲೇ ಉಡುಗಿತು. "ಇಷ್ಟು ಸಾಲು ನನ್ನಿಂದ ಆಗುವುದಿಲ್ಲ ಆಯೀ."

"ಇಷ್ಟು ಯಾರು ಮಾಡು ಅಂದರು? ಇವತ್ತು ಒಂದು ಸಾಲು."

ಅವಳು ತನ್ನ ಕುರಪಿಯನ್ನು ಅವನ ಕೈಗೆ ಕೊಟ್ಟಳು. ತಲೆ ತಗ್ಗಿಸಿಯೇ ಈ ದಾರಿ ಬಂದಿದ್ದ ಅವನು, ಯಾವ ಸಾಲಿನಿಂದ ಹಿಡಿಯಲಿ ಎಂದು ಈಗ ಬದುವಿನ ಹತ್ತಿರ ಬಂದು ನೋಡಿದ. ನೋಡಿ ನಿಂತುಬಿಟ್ಟ. ಬದುವಿಗೆ ಹತ್ತಿದ ಅವನ ಸಾಲುಗಳಲ್ಲಿ ಬಿರುಕಿರಲಿಲ್ಲ. ಮಣ್ಣು ಪುಡಿಯಾಗಿ ಹಾಸಿಕೊಂಡಿತ್ತು. ಅಲ್ಲಿಯ ಜೋಳ ಹಸಿರಾಗಿತ್ತು. ಅವನು ಎಣಿಸಿದ. ಇಪ್ಪತ್ತು ಸಾಲು.

"ನನ್ನದೊಂದು ಸಾಲು ಆದ ಮೇಲೆ ದಿನಾ ನಿನ್ನದೊಂದು ಮುಚ್ಚುತ್ತಿದ್ದೆ" ಎಂದಳು ಮುದುಕಿ. "ನಿನ್ನ ಹೆಂಡತಿಗೂ ಹೇಳಿಲ್ಲ. ಹೇಳುವಂಥದ್ದೇನಿದೆ ಇದರಲ್ಲಿ."

ರೈತ ಊರು ಬಿಡಲಿಲ್ಲ. ಕಂಬಳಿಯನ್ನು ಬದುವಿನ ಮೇಲಿಟ್ಟು, ಇಪ್ಪತ್ತೊಂದನೆಯ ಸಾಲಿನಲ್ಲಿ ಕೂತ. ಅಂದು ಒಂದು ಸಾಲು. ಮರುದಿನ ಒಂದು. ಮೂರನೆಯ ದಿನ ಹೆಂಡತಿ ಇನ್ನೊಂದು ಕುರಪಿ ಹಿಡಿದು ಬಂದಳು, ಅಂದಿನಿಂದ ಎರಡು. ನೀರು ಸುರಿದ ಹತ್ತು ಸಾಲು ಹೋದದ್ದು ಹೋಯಿತು. ನಡುವಿನವು ಅರ್ಧ ತೆನೆ ಕಟ್ಟಿದವು. ಮುದುಕಿಯ ಇಪ್ಪತ್ತು ಸಾಲು ತುಂಬಿ ನಿಂತವು. ಆ ವರ್ಷ ಮನೆಯಲ್ಲಿ ರೊಟ್ಟಿ ತೆಳ್ಳಗಾದವು, ಆದರೆ ತಪ್ಪಲಿಲ್ಲ.

ಮರುವರ್ಷ ದೀಪಾವಳಿ ಮುಗಿಯಿತು. ಕಾಟ ಬರಲಿಲ್ಲವೆಂದು ನಾನು ಹೇಳಿದರೆ ನಿನಗೆ ಖುಷಿಯಾದೀತು. ಬಂತು, ಬರದೆ ಏನು. ಮನೆಯ ಬಾಗಿಲು ಗೊತ್ತಿರುವ ನೆಂಟನ ಹಾಗೆ ನೇರ ಒಳಗೇ ಬಂತು. ರೈತ ಅದರ ಜೊತೆಯಲ್ಲೇ ಎದ್ದ, ಅದರ ಜೊತೆಯಲ್ಲೇ ಎತ್ತು ಹೂಡಿದ. ಮೂರು ಸರದಿಯೂ ತಪ್ಪದಂತೆ ಎಡೆ ಹೊಡೆದ. ಎತ್ತು ಹಾಯದಷ್ಟು ಬೆಳೆ ಬಂದ ಮೇಲೆ ಕುರಪಿ ಹಿಡಿದ. ಕೆಲವು ಸಾಲುಗಳನ್ನು ಅಳುತ್ತಾ ಮುಚ್ಚಿದ. ಕೆಲವನ್ನು ಏನೂ ಅನ್ನಿಸದೆ, ಕಲ್ಲಿನಂಥ ಮನಸ್ಸಿನಿಂದ ಮುಚ್ಚಿದ. ಬಿರುಕಿಗೆ ಅದೆಲ್ಲ ಗೊತ್ತಾಗಲಿಲ್ಲ. ಎಲ್ಲವೂ ಒಂದೇ ರೀತಿ ಮುಚ್ಚಿಕೊಂಡವು.

*

ಅಜ್ಜಾರ ಕಥೆ ಮುಗಿಯಿತು. ಬಿಸಿಲು ಕಟ್ಟೆಯ ಮೇಲಕ್ಕೆ ಪೂರ್ತಿ ಬಂದಿತ್ತು.

ಅಡಿವೆಪ್ಪ ಬುಟ್ಟಿಗೆ ಕೈ ಹಾಕಿದ. ಬುಟ್ಟಿ ಬರಿದಾಗಿತ್ತು. ತಟ್ಟೆಯ ತುಂಬ ಹಸಿರು ಕಾಳು. ಅಷ್ಟನ್ನೂ ತಾನೇ ಸುಲಿದೆನೆಂದು ಅವನಿಗೆ ತಿಳಿದೇ ಇರಲಿಲ್ಲ. ಇಪ್ಪತ್ತು ದಿನದಲ್ಲಿ ಅವನ ಕೈಯಿಂದ ಆದ ಮೊದಲ ಕೆಲಸ ಅದು. ಉಪವಾಸ ನೆನಪಾಯಿತು, ಹತ್ತು ಸಾವಿರ ಮಂತ್ರ ನೆನಪಾಯಿತು, ಹಳ್ಳದಿಂದ ಹೊತ್ತು ತಂದ ಕೊಡಗಳು ನೆನಪಾದವು. ಹಚ್ಚದೆ ಬಿಟ್ಟ ದೀಪವೂ ನೆನಪಾಯಿತು. ತಾನು ಕೇಳಿದ ಪ್ರಶ್ನೆಗೆ ಉತ್ತರ ಎಲ್ಲೋ ನಡುವೆ ಬಂದು ಹೋಗಿದೆ ಎಂದು ಅವನಿಗೆ ಅನ್ನಿಸಿತು.

ಆದರೆ ಒಂದು ಸಂಗತಿ ಮಾತ್ರ ಅವನಿಗೆ ಬಗೆಹರಿಯಲಿಲ್ಲ.

"ಅಜ್ಜಾರೇ, ಆ ಆಯಿ ಅವನ ಸಾಲುಗಳನ್ನು ಯಾಕೆ ಮುಚ್ಚಿದಳು? ಒಂಟಿ ಜೀವ, ವಯಸ್ಸಾದವಳು. ಅಂಥ ಚಳಿಯಲ್ಲಿ ಅವಳ ಮನಸ್ಸು ಕುಗ್ಗುತ್ತಿರಲಿಲ್ಲವೇ?"

ಅಜ್ಜಾರು ಸುಲಿದ ಕಾಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ಅವನ ಗಂಟಿನ ಪಕ್ಕದಲ್ಲಿಟ್ಟರು. ಅಂಗಳದಾಚೆ ಅಡಿವೆಪ್ಪನ ಕೋಣೆಯ ಹೊಸ್ತಿಲನ್ನು ನೋಡಿದರು. ಬೆಳಗಿನ ಚೆಂಬು ಇನ್ನೂ ಅಲ್ಲೇ ಇತ್ತು, ಅದರ ಮೇಲಿನ ತಟ್ಟೆಯೂ ಇತ್ತು. ಬಿಸಿ ಪಾತ್ರೆ ಹಿಡಿದು ಅವರ ಎರಡು ಬೆರಳಿನ ತುದಿ ಕಪ್ಪಾಗಿದ್ದನ್ನು ಅಡಿವೆಪ್ಪ ಆಗ ನೋಡಿದ.

"ಈ ಚಳಿಗಾಲ ನಾನು ದಿನಾ ಕೌದಿ ಬಿಟ್ಟು ಎದ್ದದ್ದೇ, ನಿನ್ನ ಬಾಗಿಲಿಗೆ ಬಿಸಿನೀರು ಇಡಬೇಕಲ್ಲ ಅಂತ, ತಮ್ಮಾ."